ಮೂವತ್ತು ಓಟಗಾರರ ಕೂಟಕ್ಕೆ ಯಾವ ಪಂಚ್ ಸರಿ? ಪಿನ್, ಚಿಪ್, ಫೋನ್ – ಒಂದು ವಿಮರ್ಶೆ

ಸಣ್ಣ ಓರಿಯೆಂಟಿಯರಿಂಗ್ ಕೂಟ (ನಕ್ಷೆ ಹಿಡಿದು ಗುರುತಿನ ಜಾಗಗಳನ್ನು ಹುಡುಕುತ್ತ ಓಡುವ ಸ್ಪರ್ಧೆ) ಸಪ್ಪೆಯಾಗುವುದು ಸಾಮಾನ್ಯವಾಗಿ ಫಿನಿಶ್ ದಾಟಿದ ಮೇಲೆ. ಒಬ್ಬ ಹತ್ತಕ್ಕೆ ಹೊರಟು 10.40ಕ್ಕೆ ಬರುತ್ತಾನೆ, ಇನ್ನೊಬ್ಬಳು ಹನ್ನೊಂದಕ್ಕೆ ಹೊರಡುತ್ತಾಳೆ. ಇಬ್ಬರ ನಡುವೆ ಎಂಟೇ ಸೆಕೆಂಡ್ ಅಂತರ. ಆದರೆ ಅದು ಇಬ್ಬರಿಗೂ ತಿಳಿಯುವುದು ಮರುದಿನ ರಾತ್ರಿ, ಫಲಿತಾಂಶದ ಪಟ್ಟಿ ಫೋನಿಗೆ ಬಂದಾಗ. ಏಳನೇ ಕಂಟ್ರೋಲಿಗೆ (ನಕ್ಷೆಯಲ್ಲಿ ತೋರಿಸಿದ, ಮುಟ್ಟಬೇಕಾದ ಜಾಗ) ಗುಡ್ಡ ಹತ್ತಿ ಹೋಗಬೇಕಿತ್ತೋ ಬಳಸಿ ಹೋಗಬೇಕಿತ್ತೋ ಎಂಬ ವಾದಕ್ಕೆ ಅಷ್ಟೊತ್ತಿಗೆ ಬಿಸಿಯೇ ಉಳಿದಿರುವುದಿಲ್ಲ.

ಹಾಗಾಗಿ ಇಲ್ಲಿ ಅಳತೆಗೋಲು ಒಂದೇ: ಓಡಿ ಬಂದವರು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ತಮ್ಮ ಲೆಗ್‌ಗಳ (ಒಂದು ಕಂಟ್ರೋಲಿನಿಂದ ಮುಂದಿನದಕ್ಕೆ ಓಡುವ ಪಾಲು) ಸಮಯವನ್ನು ಪಕ್ಕದವರದರ ಜೊತೆ ಇಟ್ಟು ನೋಡಬಲ್ಲರೇ? ಇದಕ್ಕೆ ಸಹಾಯ ಮಾಡುವ ಸಲಕರಣೆ ಒಳ್ಳೆಯದು, ಮಾಡದ್ದು ಎಷ್ಟೇ ಹೊಳೆದರೂ ಸಣ್ಣ ಕೂಟಕ್ಕೆ ಭಾರ. 20ರಿಂದ 40 ಜನ, ನಾಲ್ಕು ಸ್ವಯಂಸೇವಕರು, ಒಂದು ಲ್ಯಾಪ್‌ಟಾಪ್ – ಇಷ್ಟನ್ನು ಲೆಕ್ಕಕ್ಕಿಟ್ಟುಕೊಂಡು, ಕಂಟ್ರೋಲ್ ಮುಟ್ಟಿದ್ದಕ್ಕೆ ಪುರಾವೆ ದಾಖಲಿಸುವ (ಅದೇ ಪಂಚ್) ಸಲಕರಣೆಗಳಾದ ಪಿನ್ ಪಂಚ್, ಸ್ಪೋರ್ಟ್‌ಐಡೆಂಟ್ ಚಿಪ್, ಮ್ಯಾಪ್‌ರನ್ ಆ್ಯಪ್ ಮೂರನ್ನೂ ತೂಗಿ ನೋಡೋಣ. ದೊಡ್ಡ ಚಾಂಪಿಯನ್‌ಶಿಪ್‌ಗಳ ಲೆಕ್ಕವೇ ಬೇರೆ.

ಪಿನ್ ಪಂಚ್ ಮತ್ತು ಕಾರ್ಡು

ಹಳೆಯದು ಅಂತ ಮೂಲೆಗೆ ಎಸೆಯುವ ಹಾಗಿಲ್ಲ. ಪ್ಲಾಸ್ಟಿಕ್ ಇಕ್ಕುಳದೊಳಗೆ ಒಂದೊಂದಕ್ಕೂ ಬೇರೆ ವಿನ್ಯಾಸದ ಸೂಜಿಗಳಿರುತ್ತವೆ. ಓಟಗಾರ ಕಾರ್ಡಿನ ಸರಿಯಾದ ಚೌಕದಲ್ಲಿ ಒತ್ತಿದರೆ ಕೆಲಸ ಮುಗಿಯಿತು. ಬ್ಯಾಟರಿ ಬೇಡ, ಸಾಫ್ಟ್‌ವೇರ್ ಬೇಡ. ಹದಿನೈದು ಜನರ ಸಂಜೆ ಓಟಕ್ಕೆ ಇದಕ್ಕಿಂತ ಬೇಗ ಸಿದ್ಧವಾಗುವುದು ಇನ್ನೊಂದಿಲ್ಲ.

ತೊಂದರೆ ಶುರುವಾಗುವುದು ಪರಿಶೀಲನೆಯಲ್ಲಿ. 30 ಕಾರ್ಡು, ತಲಾ 15 ಕಂಟ್ರೋಲ್ ಅಂದರೆ 450 ತೂತಿನ ಗುಂಪುಗಳನ್ನು ಕಣ್ಣಲ್ಲೇ ನೋಡಬೇಕು. ಒಂದು ಮಾದರಿ ಕಾರ್ಡನ್ನು ಮೊದಲೇ ಪಂಚ್ ಮಾಡಿಟ್ಟುಕೊಂಡು, ಬಂದ ಕಾರ್ಡನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಕೆಲಸ ಬೇಗ ಸಾಗುತ್ತದೆ. ಒದ್ದೆಯಾದ ಕಾರ್ಡಿನಲ್ಲಿ ತೂತು ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಹರಿಯದ, ನೀರು ಕುಡಿಯದ ಹಾಳೆಯಲ್ಲೇ ಮುದ್ರಿಸಬೇಕು. ತಪ್ಪು ಚೌಕದಲ್ಲಿ ಒತ್ತಿದವರಿಗಾಗಿ ಕೊನೆಯಲ್ಲಿ ಮೂರು ಖಾಲಿ ಚೌಕ ಬಿಟ್ಟಿರಿ, ಇಲ್ಲದಿದ್ದರೆ ಪ್ರತಿ ತಪ್ಪಿಗೂ ಒಂದು ಪಂಚಾಯಿತಿ ಸೇರಿಸಬೇಕಾಗುತ್ತದೆ. ಪಂಚನ್ನು ದಾರದಲ್ಲಿ ಕಟ್ಟುವಾಗ ಒಂದು ಮೊಳ ಉದ್ದ ಬಿಡಿ. ಗಿಡ್ಡವಾದರೆ ಇಬ್ಬರು ಒಟ್ಟಿಗೆ ಬಂದಾಗ ಎರಡನೆಯವರು ಕಾಯುತ್ತಾ ನಿಲ್ಲುತ್ತಾರೆ.

ಇದರ ದೊಡ್ಡ ಕೊರತೆಯೆಂದರೆ ಸ್ಪ್ಲಿಟ್ (ಪ್ರತಿ ಲೆಗ್ಗಿನ ಸಮಯ) ಸಿಗುವುದಿಲ್ಲ. ಒಟ್ಟು ಸಮಯ ಬಿಟ್ಟರೆ ಮಾತಾಡಲು ಸಾಮಗ್ರಿಯೇ ಇಲ್ಲ. ಅರ್ಧ ದಾರಿಯ ಒಂದು ಕಂಟ್ರೋಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಒಬ್ಬರನ್ನು ಕೂರಿಸಿದರೆ ಎರಡು ಭಾಗಗಳ ಸಮಯವಾದರೂ ಸಿಗುತ್ತದೆ.

ಆದರೂ ಈ ವ್ಯವಸ್ಥೆಯ ಜೊತೆಗಿದ್ದ ಒಂದು ಸಂಗತಿಯನ್ನು ಚಿಪ್ಪಿನ ಕಾಲದಲ್ಲಿ ಕಳೆದುಕೊಂಡದ್ದು ನಿಜಕ್ಕೂ ನಷ್ಟ: ಫಲಿತಾಂಶದ ದಾರ. ಎರಡು ಮರಗಳ ನಡುವೆ ದಾರ ಕಟ್ಟಿ, ಕಾರ್ಡಿನ ತುಂಡಿನ ಮೇಲೆ ಹೆಸರು, ಸಮಯ ಬರೆದು, ವೇಗದ ಕ್ರಮದಲ್ಲಿ ಕ್ಲಿಪ್ ಹಾಕಿ ನೇತುಹಾಕುವುದು. ಹೊಸಬರು ಬಂದಾಗಲೆಲ್ಲ ನಿಮ್ಮ ತುಂಡು ಒಂದು ಸ್ಥಾನ ಆಚೆ ಸರಿಯುತ್ತದೆ. ಜನ ಅದರ ಕೆಳಗೇ ನಿಂತಿರುತ್ತಾರೆ, ಹೊರಡುವುದೇ ಇಲ್ಲ. ಚಿಪ್ ಬಳಸುವವರೂ ಮುದ್ರಿತ ಸ್ಪ್ಲಿಟ್ ಚೀಟಿಯ ಇನ್ನೊಂದು ಪ್ರತಿಯನ್ನು ಹೀಗೆ ನೇತುಹಾಕಬಹುದು. ಖರ್ಚೆಂದರೆ ಒಂದು ಡಜನ್ ಬಟ್ಟೆ ಕ್ಲಿಪ್ಪು ಹೆಚ್ಚಿಗೆ, ಅಷ್ಟೇ.

ತೀರ್ಪು: 15 ಜನದೊಳಗಿನ ಸ್ಕೋರ್ ಓಟಕ್ಕೆ (ಕೊಟ್ಟ ಸಮಯದೊಳಗೆ ಯಾವ ಕ್ರಮದಲ್ಲಾದರೂ ಆದಷ್ಟು ಕಂಟ್ರೋಲ್ ಮುಟ್ಟಿ ಅಂಕ ಗಳಿಸುವುದು) ಸಾಕು. ಅನುಕ್ರಮದ ಕೋರ್ಸಿಗೆ ಬೇಡ. ಯಾವ ಕ್ರಮದಲ್ಲಿ ಪಂಚ್ ಮಾಡಿದರು ಎಂಬುದಕ್ಕೆ ಕಾರ್ಡಿನಲ್ಲಿ ಪುರಾವೆ ಇರುವುದಿಲ್ಲ.

ಸ್ಪೋರ್ಟ್‌ಐಡೆಂಟ್

ಜರ್ಮನಿಯ ಈ ವ್ಯವಸ್ಥೆಯಲ್ಲಿ ಓಟಗಾರನ ಬೆರಳಿಗೆ ಒಂದು ಚಿಪ್ ಕಾರ್ಡು, ಪ್ರತಿ ಕಂಟ್ರೋಲಿನಲ್ಲಿ ತೂತಿರುವ ಒಂದು ಸ್ಟೇಷನ್ ಪೆಟ್ಟಿಗೆ. ಕಾರ್ಡನ್ನು ತೂತಿಗೆ ತೂರಿಸಿದರೆ ಬೀಪ್ ಕೇಳಿ ದೀಪ ಮಿನುಗುತ್ತದೆ. ಸ್ಟೇಷನ್ನಿನ ಸಂಖ್ಯೆ, ಸಮಯ ಎರಡೂ ಕಾರ್ಡಿಗೆ ಬರೆಯಲ್ಪಡುತ್ತವೆ. ಓಟದ ಮೊದಲು ಕ್ಲಿಯರ್ (ಹಳೆಯ ದಾಖಲೆ ಅಳಿಸುವುದು), ಆಮೇಲೆ ಚೆಕ್, ಸ್ಟಾರ್ಟ್. ಕೊನೆಗೆ ಫಿನಿಶ್, ನಂತರ ಕಂಪ್ಯೂಟರಿಗೆ ಓದಿಸುವುದು. ಕ್ಲಿಯರ್ ಆಗದ ಕಾರ್ಡಿಗೆ ಚೆಕ್ ಪೆಟ್ಟಿಗೆ ಉತ್ತರ ಕೊಡುವುದಿಲ್ಲ, ಅದಕ್ಕೇ ಅದು ಇರುವುದು. ಕ್ಲಿಯರ್ ಮಾತ್ರ ಇಟ್ಟು ಚೆಕ್ ಬಿಟ್ಟರೆ ಒಬ್ಬಿಬ್ಬರ ಕಾರ್ಡಿನಲ್ಲಿ ಕಳೆದ ವಾರದ ಓಟವೂ ಸೇರಿಕೊಂಡು ಬರುವುದು ಖಂಡಿತ.

ಯಾವ ಕಾರ್ಡು ಕೊಳ್ಳಬೇಕು? ಎಸ್‌ಐ-8ರಲ್ಲಿ 30 ಪಂಚ್, ಎಸ್‌ಐ-9ರಲ್ಲಿ 50, ಎಸ್‌ಐ-10 ಮತ್ತು 11ರಲ್ಲಿ 128. ಪಂಚ್ ದಾಖಲಾಗಲು 8 ಮತ್ತು 9ಕ್ಕೆ ಸುಮಾರು 115 ಮಿಲಿಸೆಕೆಂಡ್ ಬೇಕು, 10 ಮತ್ತು 11ಕ್ಕೆ ಅದರ ಅರ್ಧ. ಬಾಡಿಗೆಗೆ ಕೊಡಲು ಎಸ್‌ಐ-8 ಧಾರಾಳ. ಚಿಟ್ಟೆ ಕುಣಿಕೆಯ (ನಡುವಿನ ಒಂದೇ ಕಂಟ್ರೋಲಿಗೆ ಮತ್ತೆ ಮತ್ತೆ ಮರಳುವ) ಕೋರ್ಸಿನಲ್ಲೂ 30 ಪಂಚ್ ದಾಟುವುದು ಅಪರೂಪ. ಆದರೆ 35 ಕಂಟ್ರೋಲಿನ ಸ್ಕೋರ್ ಓಟ ಇಟ್ಟರೆ ಅದೇ ಕಾರ್ಡು ಕೈ ಕೊಡುತ್ತದೆ, ಅಂಥ ದಿನ ಎಸ್‌ಐ-9 ಬೇಕು. ತೀರಾ ಹಳೆಯ ಎಸ್‌ಐ-5 ಯಾರಾದರೂ ದಾನ ಕೊಟ್ಟರೆ ಮಕ್ಕಳ ಕೋರ್ಸಿಗೆ ಇಡಿ. ಅದು 12 ಗಂಟೆಯ ಗಡಿಯಾರವನ್ನೇ ಲೆಕ್ಕ ಹಾಕುತ್ತದೆ, ಪಂಚ್ ಕೂಡ ನಿಧಾನ. ಅವಸರದಲ್ಲಿ ಕೈ ಎಳೆದುಕೊಂಡರೆ ದಾಖಲೆ ಆಗಿರುವುದಿಲ್ಲ.

ಕೂಟದ ಹಿಂದಿನ ರಾತ್ರಿ ಮಾಡಬೇಕಾದ ಕೆಲಸ ಒಂದು ಗಂಟೆಯದು, ಅದನ್ನು ಬಿಟ್ಟವರು ಮರುದಿನ ಮೂರು ಗಂಟೆ ಕಟ್ಟುತ್ತಾರೆ. ಮೊದಲು ಕಾನ್ಫಿಗ್ ಪ್ಲಸ್ ಸಾಫ್ಟ್‌ವೇರಿನಲ್ಲಿ ಪ್ರತಿ ಸ್ಟೇಷನ್ನಿನ ಸಂಖ್ಯೆ, ಕೆಲಸದ ಬಗೆ (ಕಂಟ್ರೋಲ್, ಫಿನಿಶ್ ಇತ್ಯಾದಿ), ಬ್ಯಾಟರಿ ಮಟ್ಟ ನೋಡಿ. ಆಮೇಲೆ ಎಲ್ಲವಕ್ಕೂ ಒಂದೇ ಸಮಯ ಹೊಂದಿಸಿ. ಪೆಟ್ಟಿಗೆಯೊಳಗಿನ ಗಡಿಯಾರಗಳು ವಾರಗಳು ಕಳೆದಂತೆ ಒಂದೊಂದು ಒಂದೊಂದು ಕಡೆ ಜಾರುತ್ತವೆ. ಒಂದು ಸ್ಟೇಷನ್ 20 ಸೆಕೆಂಡ್ ಹಿಂದಿದ್ದರೆ ಒಟ್ಟು ಸಮಯ ಸರಿಯಾಗೇ ಇರುತ್ತದೆ, ಆದರೆ ಆ ಕಂಟ್ರೋಲಿಗೆ ಬರುವ ಲೆಗ್ಗಿನಲ್ಲಿ ಎಲ್ಲರೂ ಹಾರಿ ಬಂದ ಹಾಗೂ ಅಲ್ಲಿಂದ ಹೊರಡುವ ಲೆಗ್ಗಿನಲ್ಲಿ ಎಲ್ಲರೂ ಮಲಗಿದ ಹಾಗೂ ಕಾಣುತ್ತದೆ. ಲೆಗ್ ಬಹುಮಾನ ಇಟ್ಟ ದಿನ ಇದು ಮರ್ಯಾದೆಯ ಪ್ರಶ್ನೆ. ಕೊನೆಗೆ ಬ್ಯಾಕಪ್ ಮೆಮೊರಿ ಅಳಿಸಿ. ಒಬ್ಬ ಓಟಗಾರ 'ನಾನು ಅಲ್ಲಿಗೆ ಹೋಗಿದ್ದೆ' ಎಂದು ವಾದಿಸಿದಾಗ ಸ್ಟೇಷನ್ನಿನ ಮೆಮೊರಿಯಲ್ಲಿ ಅವರ ಕಾರ್ಡಿನ ಸಂಖ್ಯೆ ಹುಡುಕಬೇಕಾಗುತ್ತದೆ, ಆಗ ಹಳೆಯ ಕಸ ಅಡ್ಡ ಬರಬಾರದು.

ಕಾಡಿನಲ್ಲಿ ಇಡುವಾಗ ಆಗುವ ತಪ್ಪು ಹೆಚ್ಚಾಗಿ ಒಂದೇ: 43ರ ಜಾಗದಲ್ಲಿ 34. ಚೀಲದಲ್ಲಿ ಇಡುವ ಕ್ರಮದಲ್ಲೇ ಜೋಡಿಸಿಕೊಂಡು ಹೋದರೆ, ಪ್ರತಿ ಪೆಟ್ಟಿಗೆಯನ್ನು ಇಟ್ಟ ಮೇಲೆ ನಿಮ್ಮದೇ ಕಾರ್ಡಿನಿಂದ ಒಮ್ಮೆ ಪಂಚ್ ಮಾಡಿದರೆ ಮೂರು ಲಾಭ: ಪೆಟ್ಟಿಗೆ ಬದುಕಿದೆ ಎಂದು ಗೊತ್ತಾಗುತ್ತದೆ, ನಿದ್ದೆಯಿಂದ ಏಳುತ್ತದೆ, ಮತ್ತು ವಾಪಸು ಬಂದು ಆ ಕಾರ್ಡನ್ನು ಓದಿಸಿದರೆ ಇಟ್ಟ ಕ್ರಮ ಸರಿಯಿದೆಯೋ ಇಲ್ಲವೋ ತೆರೆಯ ಮೇಲೆ ಬರುತ್ತದೆ. ಬೀಪ್ ಕೇಳದಿದ್ದರೆ ಏನು ಮಾಡಬೇಕೆಂದು ಓಟಗಾರರಿಗೆ ಮೊದಲೇ ಹೇಳಿರಬೇಕು: ಅಲ್ಲೇ ನೇತಾಡುವ ಪಿನ್ ಪಂಚಿನಿಂದ ನಕ್ಷೆಯ ಅಂಚಿಗೆ ಒತ್ತಿ ಮುಂದೆ ಹೋಗಿ.

ಸಾಫ್ಟ್‌ವೇರ್ ವಿಷಯದಲ್ಲಿ ಸಣ್ಣ ಕೂಟಕ್ಕೆ ಸ್ವೀಡನ್ನಿನ ಮೀಓಎಸ್ ಸಾಕು. ಉಚಿತ, ವಿಂಡೋಸಿನಲ್ಲಿ ನಡೆಯುತ್ತದೆ. ಕೋರ್ಸುಗಳನ್ನು ಪರ್ಪಲ್ ಪೆನ್ ಸಾಫ್ಟ್‌ವೇರಿನಲ್ಲಿ ಹಾಕಿ (ಅದೂ ಉಚಿತ) ಎಕ್ಸ್‌ಎಂಎಲ್ ಕಡತವಾಗಿ ತೆಗೆದು ಇದಕ್ಕೆ ತುಂಬಿದರೆ ಕಂಟ್ರೋಲ್ ಸಂಖ್ಯೆಗಳನ್ನು ಕೈಯಲ್ಲಿ ಬರೆಯುವ ಗೋಜಿಲ್ಲ. ಕಾರ್ಡು ಓದಿದ ಕೂಡಲೇ ಚೀಟಿ ಮುದ್ರಿಸುತ್ತದೆ. ಮುಖ್ಯವಾಗಿ, ಹೊರಟು ಇನ್ನೂ ಮರಳದವರು ಯಾರು ಎಂಬ ಪಟ್ಟಿ ಕೊಡುತ್ತದೆ. ಕತ್ತಲಾಗುವ ಹೊತ್ತಿಗೆ ಬೇಕಾಗುವುದು ಆ ಪಟ್ಟಿಯೇ ಹೊರತು ವಿಜೇತರ ಪಟ್ಟಿಯಲ್ಲ. ಮೊದಲ ಸಲ ಕೂತವರಿಗೆ ಇದರ ತೆರೆಯ ತುಂಬ ಗುಂಡಿಗಳೇ ಕಂಡು ದಿಗಿಲಾಗುತ್ತದೆ. ಐದು ಸುಳ್ಳು ಹೆಸರು ಹಾಕಿ ಮನೆಯಲ್ಲೇ ಒಂದು ನಕಲಿ ಕೂಟ ನಡೆಸಿ ನೋಡುವುದು ಅದಕ್ಕೆ ಮದ್ದು. ಒಂದು ಕಾರ್ಡಿನಲ್ಲಿ ಬೇಕೆಂದೇ ಒಂದು ಕಂಟ್ರೋಲ್ ಬಿಟ್ಟು, ಇನ್ನೊಂದರಲ್ಲಿ ಕ್ರಮ ತಪ್ಪಿಸಿ, ಸಾಫ್ಟ್‌ವೇರ್ ಏನು ಹೇಳುತ್ತದೆ ಅಂತ ಕಲಿಯಿರಿ.

ಮುದ್ರಕದ ಬಗ್ಗೆ ಒತ್ತಿ ಹೇಳಬೇಕು. ಎಷ್ಟೋ ಕೂಟಗಳು ಚಿಪ್ಪಿಗೆ ಖರ್ಚು ಮಾಡಿ, ಸ್ಪ್ಲಿಟ್ ಚೀಟಿಯ ಥರ್ಮಲ್ ಮುದ್ರಕವನ್ನು ಮುಂದಿನ ವರ್ಷಕ್ಕೆ ಬಿಡುತ್ತವೆ. ಕೈಯಲ್ಲಿ ಹಿಡಿದು ಪಕ್ಕದವರ ಚೀಟಿಗೆ ಹೋಲಿಸುವ ಆ ತುಂಡು ಕಾಗದ ಇಲ್ಲದಿದ್ದರೆ ಚಿಪ್ ಬರೀ ದುಬಾರಿ ಸ್ಟಾಪ್‌ವಾಚ್. ಬಿಲ್ ಮುದ್ರಿಸುವ ಸಾಮಾನ್ಯ ಮುದ್ರಕವೇ ಸಾಕು. 80 ಮಿಲಿಮೀಟರ್ ಅಗಲದ್ದಾದರೆ ಲೆಗ್ ಸಮಯ, ಒಟ್ಟು ಸಮಯ ಎರಡೂ ಒಂದೇ ಸಾಲಿನಲ್ಲಿ ಆರಾಮಾಗಿ ಕೂರುತ್ತವೆ. 58ರದ್ದರಲ್ಲಿ ಅಕ್ಷರ ಇಕ್ಕಟ್ಟು.

ಗಾಳಿಯಲ್ಲೇ ಪಂಚ್: ಬೇಕೇ?

ಇದೇ ಕಂಪನಿಯ ಸಿಯಾಕ್ ಕಾರ್ಡಿನೊಳಗೆ ಬ್ಯಾಟರಿ ಇದೆ. ಸ್ಟೇಷನ್ನನ್ನು ಬೀಕನ್ ಬಗೆಗೆ ಬದಲಿಸಿದರೆ ತೂತಿಗೆ ತೂರಿಸುವ ಅಗತ್ಯವಿಲ್ಲ; ಸಾಮಾನ್ಯ ಪೆಟ್ಟಿಗೆಯಾದರೆ ಸುಮಾರು ಅರ್ಧ ಮೀಟರ್ ಹತ್ತಿರ ಕೈ ಆಡಿಸಿ ಓಡಬಹುದು, ಕಾರ್ಡೇ ಮಿನುಗಿ ಬೀಪ್ ಮಾಡುತ್ತದೆ. ಓಡುವವರಿಗೆ ಹಬ್ಬ. ಸ್ಪ್ರಿಂಟ್ ಓಟದ ಲಯ ಕೆಡುವುದಿಲ್ಲ.

ಆಯೋಜಕರಿಗೆ ಮಾತ್ರ ಹೊಸ ತಲೆನೋವುಗಳು. ಕಾರ್ಡು ಎಚ್ಚರಗೊಳ್ಳುವುದು ಚೆಕ್ ಪೆಟ್ಟಿಗೆಯಲ್ಲಿ. ಅದನ್ನು ದಾಟಿ ನೇರ ಸ್ಟಾರ್ಟಿಗೆ ಹೋದವರ ಕಾರ್ಡು ಮೊದಲ ಕಂಟ್ರೋಲಿನಲ್ಲಿ ಮೌನ. ನಿದ್ದೆಯಲ್ಲಿರುವ ಸ್ಟೇಷನ್ ಗಾಳಿಯಿಂದ ಏಳುವುದಿಲ್ಲ, ಯಾರಾದರೂ ಒಬ್ಬರು ಕಾರ್ಡು ತೂರಿಸಿ ಎಬ್ಬಿಸಬೇಕು. ಹಾಗೆ ಎಬ್ಬಿಸದೆ ಬಿಟ್ಟರೆ ಅದರ ಬೆಲೆ ತೆರುವವರು ಮೊದಲು ಹೊರಟವರು. ಚಾಲೂ ಅವಧಿಯನ್ನು ಇಡೀ ಕೂಟದ ಉದ್ದಕ್ಕೂ ಸಾಲುವಷ್ಟು ಇಡದಿದ್ದರೆ ಕೊನೆಯವರಿಗೂ ಅದೇ ಗತಿ. ಫಿನಿಶ್ ಪಂಚ್ ಮಾಡದೆ ಮನೆಗೆ ಒಯ್ದ ಕಾರ್ಡು ಆನ್ ಆಗಿಯೇ ಉಳಿದು ಬ್ಯಾಟರಿ ತಿನ್ನುತ್ತದೆ. ಕೂಟದ ಮೊದಲು ಬ್ಯಾಟರಿ ಪರೀಕ್ಷೆಗೆ ಇನ್ನೊಂದು ಸ್ಟೇಷನ್ ಬೇಕು.

ಮೂವತ್ತು ಜನ ಎರಡು ಗಂಟೆಯಲ್ಲಿ ಹರಡಿಕೊಂಡು ಓಡುವ ಕಡೆ ಪೆಟ್ಟಿಗೆ ಮುಂದೆ ಸಾಲು ನಿಲ್ಲುವುದೇ ಇಲ್ಲ. ಅಂಥ ಕಡೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಸ್ವಂತ ಸಿಯಾಕ್ ಇರುವವರು ಅದನ್ನು ತೂತಿಗೆ ತೂರಿಸಿಯೂ ಬಳಸಬಹುದು, ಆದ್ದರಿಂದ ಅವರಿಗೂ ಅನ್ಯಾಯವಾಗುವುದಿಲ್ಲ. ಒಟ್ಟಿಗೆ ಹೊರಡುವ ಓಟ ಇಟ್ಟಾಗ ಮೊದಲ ಕಂಟ್ರೋಲಿಗೆ ಒಂದೇ ಸಂಖ್ಯೆಯ ಎರಡು ಪೆಟ್ಟಿಗೆ ಅಕ್ಕಪಕ್ಕ ಇಟ್ಟರೆ ನೂಕುನುಗ್ಗಲು ಕರಗುತ್ತದೆ.

ಮ್ಯಾಪ್‌ರನ್

ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈ ಆ್ಯಪ್‌ಗೆ ಕಾಡಿನಲ್ಲಿ ಏನನ್ನೂ ಇಡಬೇಕಿಲ್ಲ. ಫೋನು ಅಥವಾ ಕೆಲವು ಜಿಪಿಎಸ್ ವಾಚು ಕಂಟ್ರೋಲಿನ ಜಾಗಕ್ಕೆ ಬಂದಾಗ ತಾನೇ ಬೀಪ್ ಮಾಡಿ ಪಂಚ್ ಹಾಕಿಕೊಳ್ಳುತ್ತದೆ, ಫಿನಿಶ್ ತಲುಪಿದ ಮೇಲೆ ಸ್ಪ್ಲಿಟ್ ಸಮೇತ ಫಲಿತಾಂಶ ಏರಿಸುತ್ತದೆ. ಆಯೋಜಕರು ಕೊಡಬೇಕಾದದ್ದು ಎರಡು ಕಡತ: ನಕ್ಷೆಯ ಕೆಎಂಜೆಡ್, ಕೋರ್ಸಿನ ಕೆಎಂಎಲ್. ಸ್ಟಾರ್ಟಿಗೆ ಎಸ್1, ಫಿನಿಶಿಗೆ ಎಫ್1 ಎಂಬ ಹೆಸರು ಇರಲೇಬೇಕು. ನಕ್ಷೆಯೇ ಇಲ್ಲದ ಬಡಾವಣೆಗೆ ಓಪನ್‌ಓರಿಯೆಂಟಿಯರಿಂಗ್‌ಮ್ಯಾಪ್ ತಾಣ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ಒಂದು ಬೀದಿ ನಕ್ಷೆಯನ್ನು ಕೂತಲ್ಲೇ ತೆಗೆದುಕೊಡುತ್ತದೆ. ಸ್ಕೋರ್ ಓಟವಾದರೆ ಅದರ ಗುರುತು ಮತ್ತು ನಿಮಿಷಗಳನ್ನು ಕೂಟದ ಹೆಸರಿನಲ್ಲೇ ಸೇರಿಸಬೇಕು. ಒಂದು ಅಕ್ಷರ ತಪ್ಪಿದರೆ ಆ್ಯಪ್ ಅದನ್ನು ಕ್ರಮದ ಕೋರ್ಸೆಂದೇ ಹಿಡಿದು ಎಲ್ಲರನ್ನೂ ಮಿಸ್‌ಪಂಚ್ (ಕಂಟ್ರೋಲ್ ಅಥವಾ ಕ್ರಮ ತಪ್ಪಿದವರು) ಮಾಡುತ್ತದೆ.

ಪಂಚ್ ಆಗುವ ದೂರ ಸಾಮಾನ್ಯವಾಗಿ 15 ಮೀಟರ್. ತೊಂದರೆಗಳೆಲ್ಲ ಈ ಸಂಖ್ಯೆಯ ಸುತ್ತಲೇ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಬಂಡೆಗೋಡೆಯ ಬುಡದಲ್ಲಿ ಫೋನಿನ ಜಿಪಿಎಸ್ ಅದಕ್ಕಿಂತ ಹೆಚ್ಚೇ ಜಾರುತ್ತದೆ. ಓಟಗಾರ ಸರಿಯಾದ ಕಲ್ಲಿನ ಮೇಲೆ ನಿಂತು ಬೀಪಿಗಾಗಿ ಗರಗರ ಸುತ್ತುತ್ತಾನೆ. ಇನ್ನೊಂದು ಕಡೆ, ಗೋಡೆಯ ಆಚೆ ಬದಿಯ ಕಂಟ್ರೋಲಿಗೆ ಈಚೆಯಿಂದಲೇ ಬೀಪ್ ಆಗಿಬಿಡುತ್ತದೆ, ದಾರಿ ಆಯ್ಕೆಯ ಸೊಗಸೇ ಹೋಯಿತು. ಅದಕ್ಕೆ ಕಂಟ್ರೋಲನ್ನು ಬಯಲಿಗೆ ತೆರೆದ ಜಾಗದಲ್ಲಿ, ದಾರಿ ಕೂಡುವಲ್ಲಿ, ಬೇಲಿ ಮೂಲೆಯಿಂದ ದೂರ ಇಡಿ. ದಾಟಲಾಗದ ಗೋಡೆ, ಬೇಲಿಯಿಂದ ಕನಿಷ್ಠ 30 ಮೀಟರ್ ಬಿಡಿ. ಕಟ್ಟುನಿಟ್ಟಾದ ಕಾಡಿನ ಓರಿಯೆಂಟಿಯರಿಂಗ್ ಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ.

ನಕ್ಷೆಯ ಭೌಗೋಳಿಕ ಹೊಂದಾಣಿಕೆ 10 ಮೀಟರ್ ತಪ್ಪಿದರೂ ಎಲ್ಲ ಕಂಟ್ರೋಲುಗಳೂ ಒಂದೇ ದಿಕ್ಕಿಗೆ ಸರಿದಿರುತ್ತವೆ. ಆದ್ದರಿಂದ ಬಿಡುಗಡೆಗೆ ಮುನ್ನ ಒಬ್ಬರು ಇಡೀ ಕೋರ್ಸನ್ನು ನಡೆದು ನೋಡಲೇಬೇಕು. ಕೋರ್ಸು ಅರ್ಧದಲ್ಲಿ ಫಿನಿಶ್ ಹತ್ತಿರ ಹಾದುಹೋದರೆ ಆ್ಯಪ್ ಅಲ್ಲಿಗೇ ಓಟ ಮುಗಿಸಿಬಿಡುತ್ತದೆ. ಸ್ಕೋರ್ ಓಟದಲ್ಲಿ ಇದು ಪದೇಪದೇ ಆಗುವ ದುರಂತ, ಫಿನಿಶನ್ನು ಯಾರೂ ಸುಮ್ಮನೆ ಹಾಯದ ಮೂಲೆಗೆ ಹಾಕಿ. ಫೋನಿನ ಬ್ಯಾಟರಿ ಉಳಿತಾಯದ ಸೌಲಭ್ಯ ಹಿನ್ನೆಲೆಯಲ್ಲಿ ಓಡುವ ಆ್ಯಪನ್ನು ಕೊಲ್ಲುತ್ತದೆ. ಅದನ್ನು ಆಫ್ ಮಾಡುವ ಸೂಚನೆಯನ್ನು ನೋಂದಣಿಯ ಸಂದೇಶದಲ್ಲೇ ಕಳಿಸಿ, ಸ್ಟಾರ್ಟಿನಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಸ್ಪರ್ಧೆಯ ದೃಷ್ಟಿಯಿಂದ ಮ್ಯಾಪ್‌ರನ್ನಿನ ಗುಣವೇ ಅದರ ದೋಷ. ಎರಡು ವಾರ ಯಾವಾಗ ಬೇಕಾದರೂ ಓಡಿ ಎಂದರೆ ಓಡುವವರ ಸಂಖ್ಯೆ ಏರುತ್ತದೆ, ಮುಖಾಮುಖಿ ಇಳಿಯುತ್ತದೆ. ಅದೇ ಕೋರ್ಸನ್ನು ಮೂರು ಸಲ ಓಡಿ ದಾರಿ ಬಾಯಿಪಾಠ ಮಾಡಿಕೊಂಡವರು ಪಟ್ಟಿಯ ಮೇಲೆ ಕೂರುತ್ತಾರೆ. ಮೊದಲ ಪ್ರಯತ್ನವೇ ಲೆಕ್ಕ ಎಂಬ ನಿಯಮ ಇಡಿ, ಜೊತೆಗೆ ಮೊದಲ ದಿನದ ಸಂಜೆ ಒಂದು ಗಂಟೆಯಲ್ಲಿ ಎಲ್ಲರೂ ಒಂದೇ ಜಾಗದಿಂದ ಹೊರಡುವ ಏರ್ಪಾಟು ಮಾಡಿ. ಹೊರಗೆ ಯಾರಿದ್ದಾರೆ ಎಂಬುದಕ್ಕೂ ಆ್ಯಪೊಂದನ್ನೇ ನಂಬಿ ಕೂರಬೇಡಿ. ಒಟ್ಟಿಗೆ ಓಡಿಸುವ ದಿನ ಕಾಗದದ ಹೆಸರುಪಟ್ಟಿ ಬೇಕೇ ಬೇಕು.

ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡುವ ಆ್ಯಪ್‌ಗಳೂ ಇವೆ, ಐಓರಿಯೆಂಟಿಯರಿಂಗ್ ಅಂಥದ್ದೊಂದು. ಶಾಲಾ ಮೈದಾನಕ್ಕೆ, ಶಾಶ್ವತ ಕೋರ್ಸಿಗೆ ಚೆನ್ನ. ಬೆವರಿದ ಬೆರಳಲ್ಲಿ ಫೋನಿನ ಬೀಗ ತೆಗೆದು ಕ್ಯಾಮೆರಾ ಹಿಡಿಯುವಷ್ಟರಲ್ಲಿ ಪ್ರತಿ ಕಂಟ್ರೋಲಿನಲ್ಲೂ ಹಲವು ಸೆಕೆಂಡ್ ಹೋಗುತ್ತದೆ, ಸ್ಪರ್ಧೆಗೆ ಬೇಡ.

ಸಲಕರಣೆಯಿಂದ ಸ್ಪರ್ಧೆ ಹುಟ್ಟಿಸುವುದು

ಯಾವ ಪೆಟ್ಟಿಗೆ ಕೊಂಡರೂ ಕೋರ್ಸ್ ನೀರಸವಾಗಿದ್ದರೆ ನೀರಸ ಸ್ಪ್ಲಿಟ್‌ಗಳೇ ಸಿಗುವುದು. ಸಣ್ಣ ಕೂಟಕ್ಕೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಒಟ್ಟಿಗೆ ಹೊರಡುವ ಚಿಟ್ಟೆ ಕುಣಿಕೆಯ ಓಟ, ಇದಕ್ಕೆ ಚಿಪ್ ವ್ಯವಸ್ಥೆ ಹೇಳಿ ಮಾಡಿಸಿದ್ದು. ನಡುವೆ 40ನೇ ಕಂಟ್ರೋಲ್. ಒಂದು ರೆಕ್ಕೆ 41-42-43, ಇನ್ನೊಂದು 44-45-46. ಅರ್ಧದಷ್ಟು ಜನ 40-41-42-43-40-44-45-46-40 ಎಂದು ಓಡುತ್ತಾರೆ, ಉಳಿದರ್ಧ ಜನ ಎರಡನೇ ರೆಕ್ಕೆ ಮೊದಲು. ಒಟ್ಟು ದೂರ ಒಂದೇ. ಬಾಲ ಹಿಡಿದು ಓಡುವುದು ತಪ್ಪುತ್ತದೆ, ಆದರೆ 40ರಲ್ಲಿ ಮೂರು ಸಲ ಎದುರೆದುರು ಸಿಕ್ಕಿ ಯಾರು ಮುಂದೆ ಎಂಬ ಗೊಂದಲ ರುಚಿಯಾಗಿ ಉಳಿಯುತ್ತದೆ. ಮೂರು ರೆಕ್ಕೆ ಹಾಕಿದರೆ ಆರು ಬಗೆಯ ಕ್ರಮ. ರೆಕ್ಕೆಯೊಂದು ನಾಲ್ಕರಿಂದ ಆರು ನಿಮಿಷದ್ದಿರಲಿ. ಅದಕ್ಕಿಂತ ಚಿಕ್ಕದಾದರೆ ಜನ ಚೆದುರುವುದಿಲ್ಲ. ಕೊನೆಯ ಮೂರು ಕಂಟ್ರೋಲ್ ಎಲ್ಲರಿಗೂ ಸಾಮಾನ್ಯವಾಗಿರಲಿ, ಚಿಕ್ಕದಾಗಿರಲಿ, ಒಂದರಲ್ಲಾದರೂ ಎರಡು ಸರಿಸಮ ದಾರಿ ಇರಲಿ. ಪರ್ಪಲ್ ಪೆನ್ನಿನ ಮೂರನೇ ಆವೃತ್ತಿಯಲ್ಲಿ ಈ ಕವಲುಗಳನ್ನು ನೇರ ಹಾಕಬಹುದು.

ಇಲ್ಲಿ ಎಡವುವ ಜಾಗ: ಒಂದು ಕ್ರಮಕ್ಕೆ ನೋಂದಾಯಿಸಿದವರು ಇನ್ನೊಂದರ ನಕ್ಷೆ ಎತ್ತಿಕೊಂಡು ಓಡಿಬಿಡುವುದು. ಕಂಪ್ಯೂಟರ್ ಅದನ್ನು ಮಿಸ್‌ಪಂಚ್ ಎನ್ನುತ್ತದೆ. ನಕ್ಷೆಯ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಕ್ರಮದ ಗುರುತು ಬರೆದಿದ್ದರೆ, ಕಾರ್ಡು ಓದಿಸುವಾಗ ಕೇಳಿ ಬದಲಾಯಿಸಲು ಐದು ಸೆಕೆಂಡ್ ಸಾಕು.

ಸ್ಕೋರ್ ಓಟದಲ್ಲಿ ಸಾಮಾನ್ಯ ದೋಷವೆಂದರೆ ಕಂಟ್ರೋಲ್ ಕಡಿಮೆ, ಸಮಯ ಜಾಸ್ತಿ. ಮೊದಲ ಐವರು ಎಲ್ಲವನ್ನೂ ಮುಗಿಸಿ ಬಂದರೆ ಅದು ಬರೀ ಓಟದ ಪಂದ್ಯ. 40 ನಿಮಿಷಕ್ಕೆ 20 ಕಂಟ್ರೋಲ್ ಇಟ್ಟು, ಅತಿ ವೇಗದವರಿಗೂ ಎರಡು ಮೂರು ಬಿಟ್ಟುಹೋಗುವಂತೆ ಹರಡಿ. ತಡವಾದ ಪ್ರತಿ ನಿಮಿಷಕ್ಕೆ 10 ಅಂಕ ಕಡಿತ ಇಟ್ಟರೆ ಕೊನೆಯ ಐದು ನಿಮಿಷ ನಿಜವಾದ ಜೂಜು. ಮ್ಯಾಪ್‌ರನ್ ಮಿಂಚುವುದು ಇಂಥದ್ದರಲ್ಲಿ. ಅದರ ಸಾಮಾನ್ಯ ಲೆಕ್ಕದಲ್ಲಿ 31 ಎಂಬ ಕಂಟ್ರೋಲಿಗೆ 30 ಅಂಕ, 52ಕ್ಕೆ 50. ದೂರದ, ಕಷ್ಟದ ಜಾಗಗಳಿಗೆ ದೊಡ್ಡ ಸಂಖ್ಯೆ ಕೊಟ್ಟರಾಯಿತು.

ನಾಕ್‌ಔಟ್ ಸ್ಪ್ರಿಂಟ್ 2022ರಲ್ಲಿ ಡೆನ್ಮಾರ್ಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾಣಿಸಿಕೊಂಡ ಮೇಲೆ ಎಲ್ಲರಿಗೂ ಅದರ ಮೇಲೆ ಕಣ್ಣು. ಅಲ್ಲಿ ಆರಾರು ಜನರ ಗುಂಪು, ಸೋತವರು ಮನೆಗೆ. ಸಣ್ಣ ಕೂಟದಲ್ಲಿ ಸೋತವರನ್ನು ಹೊರಗೆ ಕೂರಿಸಿದರೆ ಮುಂದಿನ ಸಲ ಅವರು ಬರುವುದಿಲ್ಲ. 24 ಜನರಿಗೆ ಹೀಗೆ ಮಾಡಿ: ಹತ್ತು ನಿಮಿಷದ ಅರ್ಹತಾ ಓಟ, ಅದರ ಸಮಯದ ಮೇಲೆ ಸಮಬಲದ ನಾಲ್ಕು ಗುಂಪು. ಪ್ರತಿ ಗುಂಪಿನ ಮೊದಲ ಮೂವರು ಮೇಲಿನ ಎರಡು ಸೆಮಿಫೈನಲ್‌ಗೆ, ಉಳಿದವರು ಕೆಳಗಿನ ಎರಡಕ್ಕೆ. ಅಲ್ಲೂ ಹಾಗೇ ಸೀಳಿದರೆ ಆರಾರು ಜನರ ನಾಲ್ಕು ಫೈನಲ್. ಎಲ್ಲರಿಗೂ ನಾಲ್ಕು ಓಟ, ಕೊನೆಯ ಫೈನಲ್ಲಿನ ಆರು ಜನರೂ ತಮ್ಮ ಸಮಬಲದವರ ಜೊತೆಯೇ ಹೋರಾಡುತ್ತಾರೆ. ನಕ್ಷೆ 96 ಬೇಕು, ಜೊತೆಗೆ ಸುತ್ತಿಗೆ ಎರಡರಂತೆ ಹೆಚ್ಚುವರಿ. ಸುತ್ತಿನ ನಡುವೆ 25 ನಿಮಿಷ ಬಿಡಿ, ಅದಕ್ಕಿಂತ ಕಡಿಮೆಯಲ್ಲಿ ಪಟ್ಟಿ ತಯಾರಿಸುವವರ ಕೈ ನಡುಗುತ್ತದೆ. ಸ್ಥಾನ ತೀರ್ಮಾನವಾಗುವುದು ಗೆರೆ ದಾಟಿದ ಕ್ರಮದಲ್ಲಿ. ಗೆರೆಯ ಮೇಲೆ ಒಬ್ಬರನ್ನು ನಿಲ್ಲಿಸಿ, ಫಿನಿಶ್ ಪಂಚ್ ಹತ್ತು ಹೆಜ್ಜೆ ಆಚೆ ಇಡಿ. ಇಲ್ಲದಿದ್ದರೆ ಒಂದು ತೂತಿಗೆ ಮೂರು ಕೈ.

ಸರಣಿ ಅಂಕದ ಲೆಕ್ಕವನ್ನು ಯಾವ ಆ್ಯಪೂ ನಿಮಗಾಗಿ ಯೋಚಿಸುವುದಿಲ್ಲ. ವಿಜೇತರ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿ ನೂರರಿಂದ ಗುಣಿಸುವ ಪದ್ಧತಿ ಸರಳ, ಆದರೆ ಸಣ್ಣ ಗುಂಪಿನಲ್ಲಿ ವಿಷ. ಒಬ್ಬ ಅತಿವೇಗಿ 30 ನಿಮಿಷದಲ್ಲಿ ಮುಗಿಸಿದ ದಿನ 45 ನಿಮಿಷದ ಓಟಕ್ಕೆ 66.7 ಅಂಕ. ಅವನು ಬಾರದೆ 40 ನಿಮಿಷದವರು ಗೆದ್ದ ದಿನ ಅದೇ ಓಟಕ್ಕೆ 88.9. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬದಲಿಗೆ ಆ ದಿನದ ಸರಾಸರಿಯಿಂದ ಅಳೆಯಿರಿ: ಅಂಕ = 100 + 20 × (ಸರಾಸರಿ ಸಮಯ − ನಿಮ್ಮ ಸಮಯ) ÷ ಪ್ರಮಾಣ ವಿಚಲನೆ (ಎಲ್ಲರ ಸಮಯ ಸರಾಸರಿಯಿಂದ ಎಷ್ಟು ಚೆದುರಿದೆ ಎಂಬ ಅಳತೆ). ಸರಾಸರಿ 50 ನಿಮಿಷ, ವಿಚಲನೆ 10 ಇದ್ದಾಗ 45 ನಿಮಿಷಕ್ಕೆ 110. ಮಿಸ್‌ಪಂಚ್ ಆದವರನ್ನು ಸರಾಸರಿಗೆ ಸೇರಿಸಬೇಡಿ, ಎಂಟಕ್ಕಿಂತ ಕಡಿಮೆ ಜನ ಓಡಿದ ಕೋರ್ಸಿಗೆ ಈ ಲೆಕ್ಕ ಹಾಕಬೇಡಿ. ಎಂಟು ಕೂಟಗಳಲ್ಲಿ ಉತ್ತಮ ಐದನ್ನು ಎಣಿಸಿದರೆ ಒಂದೆರಡು ಸಲ ತಪ್ಪಿಸಿಕೊಂಡವರೂ ಆಟದಲ್ಲಿ ಉಳಿಯುತ್ತಾರೆ.

ನಡುವಿನ ಸ್ಥಾನದವರಿಗೆ ಆಸೆ ಹುಟ್ಟಿಸಲು ಅತಿ ಕಡಿಮೆ ತಪ್ಪಿನ ಬಹುಮಾನ ಇಡಿ. ಒಬ್ಬರು ಸಾಮಾನ್ಯವಾಗಿ ಪ್ರತಿ ಲೆಗ್ಗಿನಲ್ಲೂ ವೇಗದವರ 1.25 ಪಟ್ಟು ಸಮಯ ತೆಗೆದುಕೊಳ್ಳುವವರು ಅಂದುಕೊಳ್ಳಿ. ಏಳನೇ ಲೆಗ್ಗಿನ ಅತಿ ವೇಗದ ಸಮಯ 2 ನಿಮಿಷವಾದರೆ ಅವರದ್ದು 2.30 ಆಗಬೇಕು, 4.10 ಆಗಿದ್ದರೆ ಅಲ್ಲಿ ಕಳೆದದ್ದು 1 ನಿಮಿಷ 40 ಸೆಕೆಂಡ್. ಎಲ್ಲ ಲೆಗ್‌ಗಳ ನಷ್ಟ ಕೂಡಿಸಿ, ಒಟ್ಟು ಸಮಯದಿಂದ ಭಾಗಿಸಿ. ವಿನ್‌ಸ್ಪ್ಲಿಟ್ಸ್ ತಾಣಕ್ಕೆ ಫಲಿತಾಂಶ ಏರಿಸಿದರೆ ಇಂಥ ನಷ್ಟದ ಲೆಕ್ಕ ತಾನಾಗಿ ಬರುತ್ತದೆ. ನಡೆದೇ ಬಂದವರೂ ಗೆಲ್ಲಬಹುದಾದ ಏಕೈಕ ಬಹುಮಾನ ಇದು.

ಮನೆಗೆ ಹೋದ ಮೇಲಿನ ಪಾಲು ಲೈವ್‌ಲಾಕ್ಸ್ ತಾಣದ್ದು. ವಾಚಿನ ಜಿಪಿಎಸ್ ದಾರಿಗಳನ್ನು ಏರಿಸಿದರೆ, ಬೇರೆ ಬೇರೆ ಹೊತ್ತಿಗೆ ಹೊರಟವರನ್ನೂ ಒಂದೇ ಗೆರೆಯಿಂದ ಒಟ್ಟಿಗೆ ಬಿಟ್ಟ ಹಾಗೆ ನಕ್ಷೆಯ ಮೇಲೆ ಓಡಿಸಿ ತೋರಿಸುತ್ತದೆ. ವಾಚಿಲ್ಲದವರಿಗೆ ರೂಟ್‌ಗ್ಯಾಜೆಟ್ ವಾಸಿ, ಅಲ್ಲಿ ದಾರಿಯನ್ನು ಮೌಸಿನಲ್ಲಿ ಎಳೆದೂ ಸೇರಿಸಬಹುದು. ಆದರೆ ಕೋರ್ಸಿನ ಕಡತವನ್ನು ಅದೇ ದಿನ ಏರಿಸಿ; ಬುಧವಾರ ಏರಿಸಿದ ಭಾನುವಾರದ ಓಟವನ್ನು ಯಾರೂ ತೆರೆದು ನೋಡುವುದಿಲ್ಲ.

ಹೊಸದಾಗಿ ಶುರುಮಾಡುವ ಗುಂಪಿಗೆ ನಮ್ಮ ಸಲಹೆಯ ಕ್ರಮ ಇದು. ಮೊದಲು ಮ್ಯಾಪ್‌ರನ್ ಮತ್ತು ಪಿನ್ ಪಂಚಿನಲ್ಲಿ ಒಂದು ಸರಣಿ ನಡೆಸಿ, ಬರುವವರು ಎಷ್ಟು ಎಂದು ನೋಡಿ. ಸತತವಾಗಿ 25 ದಾಟಿದರೆ ಚಿಪ್ಪಿಗೆ ಹೋಗಿ: 20 ಕಂಟ್ರೋಲ್ ಸ್ಟೇಷನ್, ಕ್ಲಿಯರ್ ಎರಡು, ಚೆಕ್ ಒಂದು, ಸ್ಟಾರ್ಟ್ ಒಂದು, ಫಿನಿಶ್ ಎರಡು, ಯುಎಸ್‌ಬಿ ಓದುವ ಸ್ಟೇಷನ್ ಒಂದು, ಎಸ್‌ಐ-8 ಕಾರ್ಡು 30, ಥರ್ಮಲ್ ಮುದ್ರಕ. ಎರಡನೇ ಕೈಯ ಸ್ಟೇಷನ್ ಕೊಳ್ಳುವುದಾದರೆ ಬ್ಯಾಟರಿ ಮಟ್ಟ ಮತ್ತು ಒಳಗಿನ ಸಾಫ್ಟ್‌ವೇರ್ ಆವೃತ್ತಿ ಕೇಳದೆ ಮಾತು ಮುಗಿಸಬೇಡಿ. ಬಾಡಿಗೆ ಕಾರ್ಡುಗಳಿಗೆ ಒಂದೇ ಬಣ್ಣದ ಪಟ್ಟಿ ಸುತ್ತಿ, ಓದಿಸುವ ಮೇಜಿನ ಮೇಲೇ ಡಬ್ಬಿ ಇಡಿ, ಚೀಟಿ ಕೊಡುವ ಕೈಯಲ್ಲೇ ಕಾರ್ಡು ವಾಪಸು ತೆಗೆದುಕೊಳ್ಳಿ. ಮುದ್ರಕದ ಸುರುಳಿ ಎರಡು ಹೆಚ್ಚಿಗೆ ಇರಲಿ. ಹಾಕುವಾಗ ಉಗುರಿನಿಂದ ಒಮ್ಮೆ ಗೀಚಿ ನೋಡಿ: ಕಪ್ಪು ಗೆರೆ ಮೂಡುವ ಬದಿ ಮುದ್ರಕದ ತಲೆಯ ಕಡೆ ಇರಬೇಕು, ಉಲ್ಟಾ ಹಾಕಿದರೆ ಚೀಟಿ ಖಾಲಿ ಬರುತ್ತದೆ.